ಸಮುದ್ರದ ಪಾಚಿಯಿಂದಲೂ ಮೋಡ ಆಗುತ್ತಾ?

ವಾಸ್ಕೋ ಗದಗಿಗ:
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಬೈನಾ ಬೀಚಿನಿಂದ ಮನೆಗೆ ಬಂದು ಕನ್ನಡಕ ತೆಗೆದರೆ ಗಾಜಿನ ಮೇಲೆ ಮಬ್ಬು ಕೂತಿತ್ತು. ನಾಲಿಗೆಗೆ ತಾಗಿಸಿದರೆ ಉಪ್ಪು. ಈ ಉಪ್ಪು ಮೋಡದ ತನಕ ಹೋಗುತ್ತಾ ಅಂತ ಮಗಳು ಕೇಳಿದಳು. ಪಾಚಿಯಿಂದಲೂ ಮೋಡ ಆಗುತ್ತದೆ ಅಂತ ಅವಳ ಟೀಚರ್ ಹೇಳಿದ್ದಾರಂತೆ. ನಾನು ಶಾಲೆಯಲ್ಲಿ ಕಲಿತದ್ದು ನೀರು ಆವಿಯಾಗಿ ಮೋಡ ಆಗುತ್ತದೆ ಅಂತ ಅಷ್ಟೇ. ಬಿಡಿಸಿ ಹೇಳ್ತೀರಾ?

ಪುಣೆ ಪಾಷಾಣ್:
ಹೋಗುತ್ತದೆ ಸರ್. ಬರೀ ಆವಿ ಸಾಲದು, ಅದು ಹನಿ ಕಟ್ಟಲು ಕೂರುವುದಕ್ಕೆ ಒಂದು ಕಣ ಬೇಕು. ಧೂಳು, ಹೊಗೆ, ಉಪ್ಪು, ಯಾವುದಾದರೂ ಸರಿ. ಮನೆಯಲ್ಲೇ ನೋಡಿ. ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬೆಚ್ಚಗಿನ ನೀರು ಹಾಕಿ ಅಲ್ಲಾಡಿಸಿ, ಬಿಗಿಯಾಗಿ ಮುಚ್ಚಿ, ಜೋರಾಗಿ ಹಿಂಡಿ ತಟ್ಟನೆ ಬಿಡಿ. ಏನೂ ಕಾಣುವುದಿಲ್ಲ ಅನ್ನಿ. ಈಗ ನೀವೇ ಒಂದು ಕಡ್ಡಿ ಗೀರಿ, ಆರಿಸಿ, ಆ ಹೊಗೆಯನ್ನು ಒಳಗೆ ಬಿಟ್ಟು ಮತ್ತೆ ಹಿಂಡಿ ಬಿಡಿ. ಬಿಟ್ಟ ಕೂಡಲೇ ಒಳಗೆಲ್ಲ ಬೆಳ್ಳಗಾಗುತ್ತದೆ, ಹಿಂಡಿದರೆ ಮಾಯ. ಅದು ಮೋಡವೇ.

ಪಾಚಿ ವಿಷಯ: ಕಡಲಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಸತ್ತಾಗ ಅಥವಾ ಬೇರೆ ಜೀವಿಗಳು ಅವನ್ನು ತಿಂದಾಗ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ ಹೊರಬರುತ್ತದೆ. ಬೀಚಿನಲ್ಲಿ ಮೂಗಿಗೆ ಬರುವ ಆ ಕಡಲ ವಾಸನೆ ಇದೆಯಲ್ವಾ, ಅದರಲ್ಲಿ ಇದರ ಪಾಲೂ ಇದೆ. ಮೇಲೆ ಹೋಗಿ ಇದು ಗಂಧಕಾಮ್ಲದ ಪುಟ್ಟ ಕಣವಾಗುತ್ತದೆ, ಅದರ ಮೇಲೆ ಆವಿ ಕೂರುತ್ತದೆ.

ಡೊಂಬಿವಲಿ ಲೋಕಲ್:
ಟೀಚರ್ ಹೇಳಿದ್ದು ಸರಿ, ಆದರೆ ಒಂದು ಎಚ್ಚರ. 1987ರಲ್ಲಿ ಚಾರ್ಲ್ಸನ್, ಲವ್‌ಲಾಕ್, ಆಂಡ್ರಿಯೆ, ವಾರೆನ್ ಎಂಬ ನಾಲ್ವರು ವಿಜ್ಞಾನಿಗಳು ಒಂದು ದೊಡ್ಡ ಮಾತು ಮುಂದಿಟ್ಟರು: ಕಡಲು ಬೆಚ್ಚಗಾದರೆ ಈ ಅನಿಲ ಜಾಸ್ತಿ, ಮೋಡ ಇನ್ನೂ ಬೆಳ್ಳಗೆ, ಬಿಸಿಲು ವಾಪಸ್ ಹೋಗಿ ಭೂಮಿ ತಂಪು. ಕೇಳಲು ಎಷ್ಟು ಚೆಂದ! ಆದರೆ 2011ರಲ್ಲಿ ಕ್ವಿನ್ ಮತ್ತು ಬೇಟ್ಸ್ ಇದು ಇಷ್ಟು ಸರಳ ಅಲ್ಲ ಎಂದರು. ಅಲೆ ಒಡೆದು ಏಳುವ ಉಪ್ಪು, ಜೀವಿಗಳ ಚೂರು, ಹೀಗೆ ಕಣಗಳ ಮೂಲ ಹಲವು. ಪಾಚಿಯೇ ಭೂಮಿಯ ಎಸಿ ನಡೆಸುತ್ತದೆ ಅಂತ ಮಗುವಿಗೆ ಹೇಳಬೇಡಿ.

ಇನ್ನೊಂದು, ಕಣ ಜಾಸ್ತಿ ಆದರೆ ಮಳೆ ಜಾಸ್ತಿ ಅಂತಲೂ ಅಲ್ಲ. ಇರುವ ಅಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗಿ ಹನಿಗಳೆಲ್ಲ ಸಣ್ಣವಾಗುತ್ತವೆ. ಒಂದು ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿ ಕೂಡಬೇಕು, ಸಣ್ಣವು ಬೇಗ ಕೂಡುವುದಿಲ್ಲ.

ವಾಸ್ಕೋ ಗದಗಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಾಟಲಿ ಮಾಡಿ ನೋಡಿದೆವು. ಮೊದಲ ಸಲ ಹೊಗೆ ಸಾಲಲಿಲ್ಲ, ಎರಡನೇ ಸಲ ಹಾಲಿನ ಹಾಗೆ ಬೆಳ್ಳಗಾಯಿತು. ಕಡ್ಡಿ ಬದಲು ಕನ್ನಡಕದ ಉಪ್ಪು ಹಾಕೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಆಗುತ್ತಾ?

ಪುಣೆ ಪಾಷಾಣ್:
ಪುಡಿ ಹಾಕಿದರೆ ತಳಕ್ಕೆ ಬೀಳುತ್ತದೆ, ಅದು ಗಾಳಿಯಲ್ಲಿ ತೇಲಬೇಕು. ಬಾಟಲಿಯನ್ನು ಬೀಚಿಗೇ ಒಯ್ದು, ಅಲೆ ಒಡೆಯುವ ಕಡೆ ಮುಚ್ಚಳ ತೆಗೆದು ಆ ಗಾಳಿ ತುಂಬಿಸಿ ನೋಡಿ.