ಪದಚರ್ಚೆ: ಹಿತ್ತಲಲ್ಲಿ ಜಲ್ಲಿ ಹಾಸಿ ಕೂರಲು ಮಾಡಿಕೊಂಡ ಜಾಗಕ್ಕೆ ಏನೆನ್ನಬೇಕು?

ಬಲ್ಲವರೆಲ್ಲರಿಗೂ ನಮಸ್ಕಾರ.

‘ಗ್ರಾವೆಲ್’ ಮತ್ತು ‘ಪ್ಯಾಟಿಯೊ’ ಎಂಬ ಎರಡು ಪದಗಳ ವಿಚಾರವಾಗಿ ಬರೆಯುತ್ತಿದ್ದೇನೆ. ನಿಘಂಟು ತೆರೆದರೆ ಎರಡಕ್ಕೂ ಅರ್ಥ ಸಿಗುತ್ತದೆ. ಆದರೆ ಮೊದಲನೆಯದನ್ನು ನಂಬಿ ಫೋನ್ ಮಾಡಿದ್ದಕ್ಕೆ ನಮ್ಮ ಮನೆಯ ಮುಂದೆ ಬೇರೆಯೇ ವಸ್ತು ಬಂದು ಬಿತ್ತು. ಎರಡನೆಯದಕ್ಕೆ ಒಪ್ಪುವ ಕನ್ನಡ ಪದ ಹುಡುಕುತ್ತಾ ಮನೆಯಲ್ಲೇ ಚರ್ಚೆ ಬೆಳೆದಿದೆ.

ನಮ್ಮ ಮನೆ ಚಿಕ್ಕಮಗಳೂರಿನ ಹೊರವಲಯದಲ್ಲಿದೆ. ಹಿಂದೆ ಕೊಟ್ಟಿಗೆ ಇದ್ದ ಜಾಗ ಖಾಲಿ ಬಿದ್ದಿತ್ತು, ಮಳೆಗಾಲದಲ್ಲಿ ಅಲ್ಲಿ ಹೆಜ್ಜೆಯಿಟ್ಟರೆ ಪಾದ ಹೂತುಹೋಗುತ್ತಿತ್ತು. ಕಾಂಕ್ರೀಟು ಹಾಕಿಸುವಷ್ಟು ಹಣವಿರಲಿಲ್ಲ. ಟೈಲ್ಸ್ ಹಾಕಿದರೆ ನಮ್ಮ ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಹಾಗಾಗಿ ನಾನೂ ತಮ್ಮನೂ ಸೇರಿ 10 ಅಡಿಗೆ 10 ಅಡಿ, ಅಂದರೆ ಸರಿಯಾಗಿ ಒಂದು ಚದರ ಜಾಗವನ್ನು ಅರ್ಧ ಅಡಿ ಅಗೆದು ಕಲ್ಲು ಹಾಸಿದೆವು. ಈಗ ಸಂಜೆ ನಾಲ್ಕು ಕುರ್ಚಿ ಹಾಕಿ ಅಲ್ಲೇ ಕೂರುತ್ತೇವೆ. ಅದನ್ನು ನೋಡಿ ಹೋದ ಅಕ್ಕ, ಸಕಲೇಶಪುರದ ತನ್ನ ಮನೆಯಲ್ಲೂ ಮಾಡಿಕೊಳ್ಳುತ್ತೇನೆ, ಎಲ್ಲವನ್ನೂ ಬರೆದು ಕಳುಹಿಸು ಎಂದಳು. ಅದನ್ನು ಬರೆಯಲು ಕುಳಿತಾಗ ಈ ಪ್ರಶ್ನೆಗಳು ಎದ್ದವು.

ಮೊದಲು ‘ಗ್ರಾವೆಲ್’. ನಾನು ನೋಡಿದ ವಿಡಿಯೊಗಳಲ್ಲೆಲ್ಲ ನೆಲಕ್ಕೆ ಹಾಸುವ ಸಣ್ಣ ಕಲ್ಲಿಗೆ ಇದೇ ಪದ. ಫೋನಿನಲ್ಲಿ ನಾನೂ “ಅರ್ಧ ಯೂನಿಟ್ ಗ್ರಾವೆಲ್ ಬೇಕು” ಎಂದೆ. ಬಂದದ್ದು ಕೆಂಪು ಮಣ್ಣು, ನಡುನಡುವೆ ಸಣ್ಣ ಹರಳು. ತಂದವರು ತಪ್ಪು ಮಾಡಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ, ಹಾಸನದಲ್ಲಿ ಕೂಡ, ರಸ್ತೆ ಕೆಲಸದವರ ಬಾಯಲ್ಲಿ ಗ್ರಾವೆಲ್ ಎಂದರೆ ಆ ಕೆಂಪು ಹರಳುಮಣ್ಣೇ. ತಗ್ಗು ತುಂಬಲು, ಮನೆಯ ತಳಪಾಯದೊಳಗೆ ಸುರಿಯಲು ತರಿಸುವುದು ಅದನ್ನೇ. ಪತ್ರಿಕೆಗಳೂ ‘ಗ್ರಾವೆಲ್ ಮಣ್ಣು’ ಎಂದೇ ಬರೆಯುತ್ತವೆ. ಉತ್ತರ ಕರ್ನಾಟಕದ ಕಡೆ ಇದಕ್ಕೆ ‘ಗರಸು’ ಎಂಬ ಒಳ್ಳೆಯ ಪದವಿದೆ. ಅಂದರೆ ಇಂಗ್ಲಿಷಿನಿಂದ ಬಂದ ಪದ ಇಲ್ಲಿ ಬೇರೂರಿ ತನ್ನದೇ ಅರ್ಥ ಪಡೆದಿದೆ. ಅದನ್ನು ಮತ್ತೆ ಇಂಗ್ಲಿಷಿನ ಅರ್ಥದಲ್ಲಿ ಕನ್ನಡಕ್ಕೆ ತಂದರೆ ಓದುಗರ ಹಣ ಪೋಲಾಗುತ್ತದೆ. ಮಣ್ಣಿನ ಅಂಶ ಹೆಚ್ಚಿರುವ ಗ್ರಾವೆಲ್ಲನ್ನು ಕೂರುವ ಜಾಗಕ್ಕೆ ಹಾಸಿದರೆ ಮೊದಲ ಮಳೆಗೇ ಕೆಸರು. ನಮ್ಮ ಲೋಡನ್ನು ಗೇಟಿನ ಬಳಿಯ ಗುಂಡಿಗೆ ಹಾಕಿಸಿದೆವು.

ನಮಗೆ ಬೇಕಾಗಿದ್ದದ್ದು ಜಲ್ಲಿ. ನಾನು ತಿಳಿದಂತೆ ‘ಜಲ್ಲಿ’ ಎಂದರೆ ಒಡೆದ ಕಲ್ಲು ಮಾತ್ರ. ಹಿಂದೆ ಸುತ್ತಿಗೆಯಿಂದ ಒಡೆಯುತ್ತಿದ್ದರು, ಈಗ ಕ್ರಷರಿನಲ್ಲಿ ಒಡೆಯುತ್ತಾರೆ. ಹೊಳೆಯಲ್ಲಿ ಉರುಳಿ ನುಣ್ಣಗಾದದ್ದು ನೊರಜುಗಲ್ಲು, ಇನ್ನೂ ಸಣ್ಣದಾದರೆ ಹರಳು. ಮಣ್ಣು ಬೆರೆತದ್ದು ಗರಸು. ಇಂಗ್ಲಿಷಿನವರು ಒಂದೇ ಪದ ಇಟ್ಟುಕೊಂಡು ಅದರ ಹಿಂದೆ ವಿಶೇಷಣ ಸೇರಿಸುವ ಕಡೆ ಕನ್ನಡದಲ್ಲಿ ಬೇರೆ ಬೇರೆ ಪದಗಳೇ ಇವೆ. ಒಂದು ವಿಡಿಯೊದ ಕನ್ನಡ ಅಡಿಬರಹದಲ್ಲಿ ‘ಪೀ ಗ್ರಾವೆಲ್’ ಎಂಬುದಕ್ಕೆ ‘ಬಟಾಣಿ ಜಲ್ಲಿ’ ಎಂದಿತ್ತು. ಬಟಾಣಿಯಷ್ಟು ದುಂಡಗಿದ್ದರೆ ಅದು ಜಲ್ಲಿಯೇ ಅಲ್ಲ.

ಈ ವ್ಯತ್ಯಾಸ ಕೇವಲ ಪದದ್ದಲ್ಲ, ಕಾಲಿಗೂ ತಿಳಿಯುತ್ತದೆ. ನಾವು ಒಂದು ಮೂಲೆಯಲ್ಲಿ ಚಂದಕ್ಕೆಂದು ನೊರಜುಗಲ್ಲು ಹಾಕಿದ್ದೆವು. ಅಲ್ಲಿ ಕುರ್ಚಿಯ ಕಾಲು ಹೂತುಕೊಳ್ಳುತ್ತದೆ, ನಡೆದರೆ ಕಲ್ಲು ಜರುಗುತ್ತದೆ. ಪಕ್ಕದಲ್ಲೇ ಇರುವ ಅರ್ಧ ಇಂಚಿನ ಜಲ್ಲಿ ಕದಲುವುದಿಲ್ಲ. ಅದಕ್ಕೆ ಅಂಚುಗಳಿವೆ, ಒಂದು ಕಲ್ಲು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಗಾರೆ ಕೆಲಸದವರು ಇದಕ್ಕೆ “ಜಲ್ಲಿ ಕಚ್ಚಿಕೊಂಡಿದೆ” ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಕ್ರಿಯಾಪದ ನನಗೆ ತೋಚುವುದಿಲ್ಲ. ಅಕ್ಕನಿಗೆ ಬರೆದ ಕಾಗದದಲ್ಲಿ ಇದನ್ನೇ ಇಟ್ಟಿದ್ದೇನೆ: “ಕೆಳಗೆ ನಾಲ್ಕು ಇಂಚು ದಪ್ಪ ಮುಕ್ಕಾಲು ಇಂಚಿನ ಜಲ್ಲಿಯನ್ನು ಕಲ್ಲುಪುಡಿಯೊಂದಿಗೆ ಹಾಕಿ ಕಚ್ಚಿಕೊಳ್ಳುವವರೆಗೆ ಬಡಿ, ಮೇಲೆ ಎರಡು ಇಂಚು ಅರ್ಧ ಇಂಚಿನ ಜಲ್ಲಿ ಹರಡು.” ಒಂದು ಚದರಕ್ಕೆ ಎರಡೂ ಸೇರಿ 50 ಘನ ಅಡಿ, ಅಂದರೆ ಅರ್ಧ ಯೂನಿಟ್. ಬಡಿದಾಗ ಕುಗ್ಗುವುದರಿಂದ ತುಸು ಹೆಚ್ಚೇ ತರಿಸಬೇಕು.

ದಕ್ಷಿಣ ಭಾರತದ ಗುತ್ತಿಗೆದಾರರು ಇಂಗ್ಲಿಷ್ ಕಾಗದಗಳಲ್ಲಿ ‘20 ಎಂ.ಎಂ. ಜೆಲ್ಲಿ’ ಎಂದು ಬರೆಯುವುದನ್ನು ನೀವೂ ನೋಡಿರಬಹುದು. ಅದು ನಮ್ಮ ಜಲ್ಲಿಯೇ, ತಿನ್ನುವ ಜೆಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿಗೇ ಸಾಲ ಕೊಟ್ಟ ಪದವನ್ನು ಬಿಟ್ಟು ನಾವು ‘ಗ್ರಾವೆಲ್’ ಎಂದು ಬರೆಯುವುದು ನನಗೆ ಸರಿಕಾಣುವುದಿಲ್ಲ.

ಕೆಲಸದ ಉಳಿದ ಪದಗಳು ಸಲೀಸಾಗಿ ಸಿಕ್ಕವು. ನೀರು ಮನೆಯ ಗೋಡೆಯಿಂದ ಆಚೆಗೆ ಹರಿಯಲು 10 ಅಡಿಗೆ ಎರಡು ಇಂಚು ‘ವಾಟ’ ಕೊಟ್ಟೆವು. ಮಟ್ಟ ನೋಡಲು ರಸಮಟ್ಟ. ಅಂಚಿಗೆ ಕೊಟ್ಟಿಗೆಯ ಹಳೆಯ ಸೈಜುಗಲ್ಲು, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಮಣ್ಣಿಗೂ ಜಲ್ಲಿಗೂ ನಡುವೆ ಹಾಸುವ, ನೀರನ್ನು ಇಳಿಯಬಿಟ್ಟು ಮಣ್ಣನ್ನು ತಡೆಯುವ ನೇಯ್ದ ಬಟ್ಟೆಗೆ ‘ತಡೆಬಟ್ಟೆ’ ಎಂದು ನಾನೇ ಬರೆದುಕೊಂಡೆ. ಅಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಬಾರದು, ನೀರು ನಿಲ್ಲುತ್ತದೆ. ಬಡಿಯುವ ಉಪಕರಣದ ಹೆಸರಿನಲ್ಲಿ ಮಾತ್ರ ಗೊಂದಲವಿದೆ. ನಮ್ಮಲ್ಲಿ ‘ದಮ್ಮಸು’ ಎನ್ನುತ್ತಾರೆ, ಕೆಲವರು ‘ಧಮ್ಮಸ್ಸು’ ಎಂದು ಮಹಾಪ್ರಾಣ ಹಾಕಿ ಬರೆಯುತ್ತಾರೆ, ‘ದಿಮ್ಮಸು’ ಎಂಬ ರೂಪವೂ ಇದೆ. ತೆಲುಗಿನಲ್ಲಿ ದಿಮ್ಮಿಸ, ತಮಿಳಿನಲ್ಲಿ ತಿಮಿಸು ಇರುವುದರಿಂದ ಮಹಾಪ್ರಾಣಕ್ಕೆ ಆಧಾರವಿಲ್ಲ ಎನ್ನುವುದು ನನ್ನ ನಂಬಿಕೆ.

ಈಗ ನಿಜವಾದ ಕಗ್ಗಂಟು, ‘ಪ್ಯಾಟಿಯೊ’. ಸ್ಪ್ಯಾನಿಷಿನಲ್ಲಿ ಮೂಲತಃ ಅದು ಮನೆಯ ನಡುವಿನ, ಮೇಲೆ ಸೂರಿಲ್ಲದ ಅಂಗಳ. ಆ ಅರ್ಥಕ್ಕೆ ನಮ್ಮ ‘ತೊಟ್ಟಿ’ ಸರಿಯಾಗಿ ಕೂರುತ್ತದೆ. ಆದರೆ ಇಂಗ್ಲಿಷಿಗೆ ಬಂದ ಮೇಲೆ ಅದು ಮನೆಯ ಹಿಂದೆ ಅಥವಾ ಪಕ್ಕದಲ್ಲಿ ಕಲ್ಲು ಹಾಸಿದ, ಕೂತು ಉಣ್ಣುವ ಜಾಗವಾಯಿತು. ‘ಜಗಲಿ’ ಎನ್ನೋಣವೆಂದರೆ ಜಗಲಿಗೆ ಎತ್ತರ ಬೇಕು, ಮೇಲೆ ಮಾಡು ಬೇಕು. ಬರಿಯ ‘ಹಿತ್ತಲು’ ಎಂದರೆ ಬಸಳೆ ಚಪ್ಪರ, ಬಾಳೆ, ಬಚ್ಚಲ ನೀರಿನ ಕಾಲುವೆ ಎಲ್ಲವೂ ಅದರಲ್ಲಿ ಸೇರಿಬಿಡುತ್ತದೆ. ‘ಅಂಗಳ’ ಎಂದು ನಾನು ಹೇಳಿದ್ದಕ್ಕೆ ಅಮ್ಮ ಒಪ್ಪಲಿಲ್ಲ. “ಅಂಗಳ ಇರುವುದು ಮನೆ ಮುಂದೆ. ಸಾರಿಸಿ ರಂಗೋಲಿ ಇಡುವ ಜಾಗ ಅದು. ಹಿಂದೆ ಅಂಗಳ ಎಲ್ಲಿಂದ ಬಂತು?” ಎಂದರು.

ಹಾಗೆಂದ ಅಮ್ಮನೇ ಆ ಜಾಗವನ್ನು ‘ಕಣ’ ಎಂದು ಕರೆಯತೊಡಗಿದರು. “ಕಣದಲ್ಲಿ ಕುರ್ಚಿ ಹಾಕು, ಬಂದೆ” ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ರೋಮಾಂಚನವಾಯಿತು. ಏಕೆಂದರೆ ಮಧ್ಯ ಅಮೆರಿಕದ ಸ್ಪ್ಯಾನಿಷ್ ನುಡಿಯ ಕಾಫಿ ನಾಡುಗಳಲ್ಲಿ ಕಾಫಿ ಹಣ್ಣು ಒಣಗಿಸುವ ಬಯಲಿಗೆ ‘ಪ್ಯಾಟಿಯೊ’ ಎಂದೇ ಹೆಸರು. ನಮ್ಮ ತೋಟಗಳಲ್ಲಿ ಅದೇ ಜಾಗಕ್ಕೆ ‘ಕಣ’ ಎನ್ನುತ್ತೇವೆ. ಯಾವ ನಿಘಂಟನ್ನೂ ನೋಡದೆ ಅಮ್ಮ ಅದೇ ಪದಕ್ಕೆ ಬಂದಿದ್ದರು. ಅವರ ಕಣ್ಣಿಗೆ ಅದು ಮಟ್ಟ ಮಾಡಿದ, ಬಡಿದ, ಬಿಸಿಲು ಬೀಳುವ ಚೌಕ ನೆಲ. ಈ ‘ಕಣ’ ಸಂಸ್ಕೃತದ ಕಣವಲ್ಲ ಎಂಬುದು ಇಲ್ಲಿ ಹಲವರಿಗೆ ಗೊತ್ತಿದೆ. ಇದು ‘ಕಳ’ ಎಂಬ ರೂಪವೂ ಉಳ್ಳ ದ್ರಾವಿಡ ಪದ, ತಮಿಳಿನ ‘ಕಳಂ’ ಇದರ ಸೋದರ. ಒಕ್ಕುವ ಜಾಗವೆಂಬ ಅರ್ಥದ ಜೊತೆಗೆ ಕಾಳಗದ ನೆಲವೆಂಬ ಅರ್ಥವೂ ಇರುವುದರಿಂದಲೇ ಇಂದು ಚುನಾವಣೆಗೂ ‘ಕಣ’ ಬಂದಿದೆ.

ಇದೇ ಸರಿ ಎಂದು ತೀರ್ಮಾನಿಸಿದ್ದೆ. ಒಂದು ಸಂಜೆ ಪಕ್ಕದ ತೋಟದ ಹಿರಿಯ ಗೌಡರು ಬಂದು ಕುಳಿತಾಗ ವಿಷಯ ಹೇಳಿದೆ. ಅವರು ಬಗ್ಗಿ ಒಂದು ಜಲ್ಲಿ ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿದರು. “ಅಲ್ಲಮ್ಮ, ಕಣ ಮಾಡುವಾಗ ನಾವು ಮೊದಲು ಮಾಡುತ್ತಿದ್ದ ಕೆಲಸವೇ ಕಲ್ಲು ಆರಿಸುವುದು. ಸಗಣಿ ಹಾಕಿ ಸಾರಿಸುತ್ತಿದ್ದದ್ದೇ ಒಂದು ಹರಳೂ ಕಾಳಿಗೆ ಸೇರದಿರಲಿ ಎಂದು. ಕಣದಲ್ಲಿ ಕಲ್ಲಿದ್ದರೆ ಅನ್ನದಲ್ಲಿ ಕಲ್ಲು. ಕಲ್ಲನ್ನೇ ಸುರಿದ ಜಾಗ ಹೇಗಮ್ಮ ಕಣವಾಗುತ್ತದೆ?”

ನನಗೆ ಉತ್ತರ ಹೊಳೆಯಲಿಲ್ಲ. ಆಕಾರ ನೋಡಿದರೆ ಅಮ್ಮ ಸರಿ, ಕೆಲಸ ನೋಡಿದರೆ ಗೌಡರು ಸರಿ. ನಮ್ಮ ನೆಲದ ಪದಗಳು ಆಕಾರಕ್ಕಿಂತ ಕೆಲಸವನ್ನೇ ಹಿಡಿದು ಹುಟ್ಟಿವೆ ಎಂದು ನನಗೆ ಅನ್ನಿಸುತ್ತದೆ. ರಂಗೋಲಿಯ ನೆಲ ಅಂಗಳ, ಒಕ್ಕುವ ನೆಲ ಕಣ. ಕೆಲಸ ಮುಗಿಸಿ ಬರಿದೆ ಕೂರುವುದಕ್ಕಾಗಿ ಬಯಲಿನಲ್ಲಿ ಬೇರೆಯೇ ನೆಲ ಮಾಡಿಕೊಳ್ಳುವ ರೂಢಿ ನಮ್ಮ ಕಡೆ ಇರಲಿಲ್ಲ, ಕೂರಲು ಜಗಲಿ ಇತ್ತು.

ಸಮಾಸ ಮಾಡಿಯೂ ನೋಡಿದೆ. ಜಲ್ಲಿಗೆ ಕಣ ಸೇರಿಸಿದರೆ ಸಂಧಿಯಲ್ಲಿ ‘ಜಲ್ಲಿಗಣ’ ಆಗುತ್ತದೆ, ಓದಿದವರಿಗೆ ಶಿವಗಣ ನೆನಪಾಗುತ್ತದೆ. ಬಿಡಿಸಿ ‘ಜಲ್ಲಿ ಕಣ’ ಎಂದರೆ ಜಲ್ಲಿಯ ಚೂರು ಎಂಬ ಅರ್ಥ ಬರುತ್ತದೆ. ‘ಜಲ್ಲಿಯಂಗಳ’ ಕಿವಿಗೆ ಹಿತ, ಅರ್ಥವೂ ಥಟ್ಟನೆ ಹೊಳೆಯುತ್ತದೆ. ನನ್ನ ಒಲವು ಅದರ ಕಡೆಗೇ. ಬೆಳದಿಂಗಳಿಗೆ, ಬಾನಿಗೆ, ಆಟಕ್ಕೆ ಎಲ್ಲದಕ್ಕೂ ಅಂಗಳವನ್ನು ಕೊಟ್ಟಿರುವ ಕನ್ನಡ ಹಿತ್ತಲಿಗೂ ಒಂದನ್ನು ಕೊಡಬಹುದು ಎಂದು ಅಮ್ಮನಿಗೆ ಹೇಳಿ ನೋಡಿದೆ. ಅವರು ಇನ್ನೂ ಒಪ್ಪಿಲ್ಲ.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಊರಿನಲ್ಲಿ ಮನೆಯ ಹಿಂದಿನ ಸಮತಟ್ಟಾದ ತೆರೆದ ನೆಲಕ್ಕೆ, ಅಲ್ಲಿ ಜನ ಕೂರುವುದಾದರೆ, ಬೇರೆ ಹೆಸರಿದೆಯೇ? ಮನೆಯ ಹಿಂಬದಿಯ ಜಾಗಕ್ಕೂ ‘ಅಂಗಳ’ ಎನ್ನುವವರು ಯಾರಾದರೂ ಇದ್ದೀರಾ? ‘ನೊರಜುಗಲ್ಲು’ ಇಂದಿಗೂ ಮಾತಿನಲ್ಲಿ ಬಳಕೆಯಲ್ಲಿರುವ ಕಡೆ ಅದರ ಗಾತ್ರವನ್ನು ಎಷ್ಟೆಂದು ತಿಳಿಯುತ್ತೀರಿ? ಗರಸಿಗೆ ‘ಗ್ರಾವೆಲ್’ ಎನ್ನುವ ರೂಢಿ ನಮ್ಮ ಎರಡು ಜಿಲ್ಲೆಗಳ ಆಚೆ ಎಲ್ಲಿಯವರೆಗೆ ಹಬ್ಬಿದೆ?

ಅಕ್ಕ ಯುಗಾದಿ ಕಳೆದ ಮೇಲೆ ಅಗೆಯಲು ಶುರು ಮಾಡುತ್ತಾಳೆ. ಅಲ್ಲಿ ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಬೇಕು. ಕಾಗದ ಪೂರ್ತಿ ಬರೆದಾಗಿದೆ, ಮೇಲಿನ ಹೆಸರಿನ ಸಾಲೊಂದನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.