ಹಳೇ ನೋವು, ಟ್ರಮಡಾಲ್ ಮಾತ್ರೆ: ನೋವಿನ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ನೋವು ಚಿಕಿತ್ಸೆಯ ಡಾಕ್ಟರ್ ಇವತ್ತು ಒಂದು ಗಂಟೆ ಗ್ರೂಪಿನಲ್ಲಿರುತ್ತಾರೆ. ದಯವಿಟ್ಟು ಫಾರ್ವರ್ಡ್ ಬೇಡ.

ದಾವಣಗೆರೆ: ನಮಸ್ತೆ ಸರ್. ಮಂಡಿ ಸವೆತಕ್ಕೆ ಟ್ರಮಡಾಲ್ ದಿನಾ ತಗೋಬಹುದಾ?

ಡಾಕ್ಟರ್: ಅದು ಅಫೀಮಿನ ಜಾತಿಯ ನೋವಿನ ಮಾತ್ರೆ, ಮೊದಲೇ ಬೇಡ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ತೂಕ ಇಳಿಸುವುದು, ಡೈಕ್ಲೋಫೆನಾಕ್ ಜೆಲ್. ಇಲ್ಲಿಂದ ಶುರು ಮಾಡಿ.

ರಾಯಚೂರು: ಸರ್, ಶುಗರ್‌ನಿಂದ ಪಾದ ಉರಿ. ಪ್ರೀಗಾಬಾಲಿನ್ ಎಷ್ಟು ದಿನ ತಗೋಬೇಕು?

ಹಾಸನ: ಸರ್, ಅಮ್ಮನಿಗೆ 62. ಬೆನ್ನಿನ ಆಪರೇಷನ್ ಆದಮೇಲೂ ನೋವು ಹೋಗಿಲ್ಲ. ಎರಡು ವರ್ಷದಿಂದ ದಿನಕ್ಕೆ ಮೂರು ಟ್ರಮಡಾಲ್. ರಾತ್ರಿ ನಿದ್ದೆಗೆ ಆಲ್ಪ್ರಜೋಲಾಮ್, ಖಿನ್ನತೆಗೆ ಎಸ್ಸಿಟಾಲೋಪ್ರಾಮ್. ಚಟ ಹತ್ತಿದೆ ಅಂತ ಅಣ್ಣ ಮೊನ್ನೆ ಟ್ರಮಡಾಲ್ ಕಿತ್ತಿಟ್ಟ. ಈಗ ಬೆವರು, ಭೇದಿ, ಮೂಗು ಸೋರುತ್ತೆ. ನಿದ್ದೆ ಇಲ್ಲ.

ಡಾಕ್ಟರ್: ಇವತ್ತೇ ಮಾತ್ರೆ ಬರೆದ ಡಾಕ್ಟರ್ ಹತ್ತಿರ ಹೋಗಿ. ಎಲ್ಲ ಸ್ಟ್ರಿಪ್ ತಗೊಂಡು ಹೋಗಿ. ನೀವು ಹೇಳಿದ್ದೆಲ್ಲ ಟ್ರಮಡಾಲ್ ಒಮ್ಮೆಲೇ ನಿಲ್ಲಿಸಿದಾಗ ಆಗುವಂಥದ್ದು. ಹೇಳಿದ ಹಾಗೆ ಮಾತ್ರೆ ನುಂಗಿದವರ ಮೈ ಕೂಡ ಅದಕ್ಕೆ ಒಗ್ಗಿಹೋಗುತ್ತದೆ. ಅದನ್ನೇ ಚಟ ಅಂತ ಬೈಯಬೇಡಿ. ಅವರು ತಪ್ಪು ಮಾಡಿಲ್ಲ.

ಬಿಡಿಸಲೇಬೇಕು, ಆದರೆ ನಿಧಾನವಾಗಿ. ವರ್ಷಕ್ಕಿಂತ ಜಾಸ್ತಿ ತಗೊಂಡವರಿಗೆ ತಿಂಗಳಿಗೆ ಹತ್ತರಲ್ಲಿ ಒಂದು ಪಾಲು, ಇಲ್ಲ ಅದಕ್ಕಿಂತ ಕಡಿಮೆ ಇಳಿಸುತ್ತೇವೆ. ಜೊತೆಗೇ ಫಿಸಿಯೋಥೆರಪಿ, ನಡಿಗೆ, ನಿದ್ದೆ ಸರಿಮಾಡುವುದು. ನೋವು ಪೂರ್ತಿ ಹೋಗಲಿಕ್ಕಿಲ್ಲ. ಅವರು ಅಂಗಡಿವರೆಗೆ ನಡೆದು ಬರುವ ಹಾಗಾದರೆ ಅದೇ ದೊಡ್ಡ ಗೆಲುವು.

ನನಗೆ ಜಾಸ್ತಿ ಭಯ ಆ ಮೂರು ಮಾತ್ರೆ ಒಟ್ಟಿಗೆ ಇರುವುದು. ಟ್ರಮಡಾಲ್ ಜೊತೆ ಆಲ್ಪ್ರಜೋಲಾಮ್ ಸೇರಿದರೆ ಉಸಿರಾಟ ಕುಗ್ಗಬಹುದು. ಎಸ್ಸಿಟಾಲೋಪ್ರಾಮ್ ಸೇರಿದರೆ ನಡುಕ, ಜ್ವರ, ಗಲಿಬಿಲಿ, ಫಿಟ್ಸ್ ಬರಬಹುದು. ಹಾಗಂತ ಆಲ್ಪ್ರಜೋಲಾಮ್ ಕಿತ್ತಿಡಬೇಡಿ. ಅದು ಒಮ್ಮೆಲೇ ನಿಂತರೂ ಫಿಟ್ಸ್ ಬರಬಹುದು.

ಹಾಸನ: ಅಣ್ಣ ಒಪ್ಪುತ್ತಿಲ್ಲ ಸರ್.

ಡಾಕ್ಟರ್: ನಾನು ಬರೆದದ್ದನ್ನು ಅವರಿಗೆ ಓದಿ ಹೇಳಿ. ಹೊರಡಿ.

ಶಿರಸಿ: ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರೆ ಏಳು ದಿನದಲ್ಲಿ ಎಲ್ಲ ನೋವೂ ಮಾಯ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು. ಲೇಬಲ್ ಇಲ್ಲದ ಗುಳಿಗೆಯೂ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಸಿಕ್ಕಿದೆ. ಎರಡು ದಿನ ಆರಾಮ, ಆಮೇಲೆ ಮುಖ ಊದುತ್ತದೆ, ಶುಗರ್ ಏರುತ್ತದೆ.

ಶಿರಸಿ: ನಮ್ಮ ಅಜ್ಜಿ ಕಾಲದ್ದು ಸರ್. ಇಂಗ್ಲಿಷ್ ಮದ್ದು ಚಟ ಹತ್ತಿಸುತ್ತೆ ಅಂತ ನೀವೇ ಹೇಳಿದಿರಿ ಅಲ್ವಾ?

ಬೆಳಗಾವಿ: ಅವರು ಹಂಗ ಹೇಳಿಲ್ಲ. ಸುಮ್ನೆ ತಿರುಚಬ್ಯಾಡ್ರಿ.

ಶಿರಸಿ: ನಿಮ್ಮನ್ನು ಕೇಳಿದ್ದಲ್ಲ.

ಮೈಸೂರು: ಇಬ್ಬರೂ ನಿಲ್ಲಿಸಿ. ಸರ್, ನನ್ನ ಯಜಮಾನರಿಗೆ ಕ್ಯಾನ್ಸರ್. ಮಾರ್ಫಿನ್ ಬರೆದಿದ್ದಾರೆ. ಮೇಲಿನದ್ದೆಲ್ಲ ಓದಿ ಕೊಡೋಕೆ ಭಯ ಆಗ್ತಿದೆ.

ಡಾಕ್ಟರ್: ಕೊಡಿ ಅಮ್ಮ, ಹೇಳಿದ ಹೊತ್ತಿಗೆ ಸರಿಯಾಗಿ. ಮೇಲೆ ಹೇಳಿದ್ದು ಬೇರೆ ನೋವಿನ ಮಾತು. ಕ್ಯಾನ್ಸರ್ ನೋವನ್ನು ಹಲ್ಲು ಕಚ್ಚಿ ಸಹಿಸಬೇಕಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಮದ್ದು ಬರೆಸಿಕೊಳ್ಳಿ. ಮಾರ್ಫಿನ್ ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು, ನರಳಾಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್ ವಿಭಾಗವೇ ಇದೆ.

ತುಮಕೂರು: ಮಂಡಿ ನೋವಿಗೆ ಟ್ರಮಡಾಲ್ ದಿನಾ ತಗೋಬಹುದಾ?

ಡಾಕ್ಟರ್: ಮೇಲೆ ಓದಿ.

ತುಮಕೂರು: ನಮ್ಮ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಕೊಡ್ತಾರೆ, ಅದಕ್ಕೇ ಕೇಳಿದೆ.

ಡಾಕ್ಟರ್: ಕೊಡುವಂತಿಲ್ಲ. 2018ರಿಂದ ಟ್ರಮಡಾಲ್ ಕೂಡ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ. ಹಾಸನದವರ ಅಮ್ಮನ ಸ್ಥಿತಿ ಓದಿದ ಮೇಲೂ ಅಂಗಡಿಯಿಂದ ತಂದು ನುಂಗುತ್ತೀರಾ?

ಶಿರಸಿ: ಅದಕ್ಕೇ ಎಕ್ಕದ ಎಲೆ ಅಂದದ್ದು.

ಬೆಳಗಾವಿ: ಅಡ್ಮಿನ್, ಇವರನ್ನ ತೆಗೀರಿ.

ಅಡ್ಮಿನ್: ಶಿರಸಿಯವರೇ, ಇನ್ನೊಂದು ಫಾರ್ವರ್ಡ್ ಬಂದರೆ ತೆಗೆಯುತ್ತೇನೆ. ಸಮಯ ಮುಗಿಯಿತು.

ರಾಯಚೂರು: ಸರ್, ಪ್ರೀಗಾಬಾಲಿನ್ ಕೇಳಿದ್ದೆ. ಉತ್ತರ ಬರಲೇ ಇಲ್ಲ.