ಹಳೆಯ ಕಟ್ಟಡಕ್ಕೆ ಒಪ್ಪುವ ನಾಮಫಲಕ ಹೇಗಿರಬೇಕು?

ಪ್ರಶ್ನೆ:
ಮೈಸೂರಿನ ಅಗ್ರಹಾರದಲ್ಲಿ ನಮ್ಮ ತಾತ ಕಟ್ಟಿಸಿದ, ಮುಂಭಾಗದಲ್ಲಿ ಮೂರು ಕಮಾನುಗಳಿರುವ ಸುಣ್ಣದ ಗಾರೆಯ ಮನೆಯ ಕೆಳಭಾಗದಲ್ಲಿ ಪುಸ್ತಕದಂಗಡಿ ತೆರೆಯುತ್ತಿದ್ದೇನೆ. ಹಿಂದೆ ಬಾಡಿಗೆಗಿದ್ದವರು ಹಾಕಿದ್ದ ಫ್ಲೆಕ್ಸ್ ಬೋರ್ಡನ್ನು ಇಳಿಸಿದಾಗ, ಗಾರೆಯಲ್ಲಿ ತಿದ್ದಿದ್ದ ಬಳ್ಳಿಯ ಒಂದು ಎಲೆ ಮೊಳೆಯ ಸಮೇತ ಕೈಗೆ ಬಂತು. ಮತ್ತೆ ಹಾಗಾಗದಂತೆ, ಆದರೆ ರಸ್ತೆಗೆ ಹೆಸರು ಕಾಣುವಂತೆ ಏನು ಮಾಡಬಹುದು ಎಂದು ದಯವಿಟ್ಟು ತಿಳಿಸಿ.

ಉತ್ತರ 1:
ಆ ಎಲೆಯನ್ನು ಎಸೆಯಬೇಡಿ. ಅದನ್ನೇ ಅಚ್ಚಾಗಿಟ್ಟುಕೊಂಡು ಸುಣ್ಣದ ಗಾರೆಯಲ್ಲಿಯೇ ದುರಸ್ತಿ ಮಾಡಿಸಿ. ಸಿಮೆಂಟು ಮೆತ್ತಿದರೆ ಗೋಡೆಯ ತೇವ ಹೊರಬರಲಾರದೆ ಸುತ್ತಲಿನ ಗಾರೆಯೂ ಉದುರುತ್ತದೆ. ಫಲಕವನ್ನು ಕಮಾನಿನ ಮೇಲೆ ಹೊದಿಸದೆ, ಕಮಾನಿಗೂ ಸೂರಿಗೂ ನಡುವಿನ ಬರಿಯ ಪಟ್ಟಿಯಲ್ಲಿ ಬಿಡಿ ಹಿತ್ತಾಳೆ ಅಕ್ಷರಗಳಾಗಿ ಕೂರಿಸುವುದು ಒಳ್ಳೆಯದು. ತೂತುಗಳನ್ನು ಇಟ್ಟಿಗೆಗೆ ಕೊರೆಯದೆ ಸಂದಿನಲ್ಲಿಯೇ ಕೊರೆಸಿ, ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂಗಳನ್ನೇ ಬಳಸಿ. ಕಬ್ಬಿಣವು ತುಕ್ಕು ಹಿಡಿದು ಉಬ್ಬಿ ಗಾರೆಯನ್ನು ಸೀಳುತ್ತದೆ.

ಉತ್ತರ 2:
ಅರಮನೆಯ ಕಮಾನು, ಗುಮ್ಮಟಗಳನ್ನು ಫಲಕದ ಮೇಲೆ ಬಿಡಿಸುವ ಚಾಳಿ ನಮ್ಮೂರಿನಲ್ಲಿ ಬಹಳವಿದೆ. 1912ರಲ್ಲಿ ಪೂರ್ಣಗೊಂಡ, ಹೆನ್ರಿ ಇರ್ವಿನ್ ವಿನ್ಯಾಸದ ಆ ಅರಮನೆಯ ಶೈಲಿಯೇ ಬೇರೆ, ನಿಮ್ಮ ಮನೆಯದೇ ಬೇರೆ. ನಿಮ್ಮ ಬಾಗಿಲಿನ ಕೆತ್ತನೆಯಿಂದಲೇ ಒಂದು ಗೆರೆಯನ್ನು ಎತ್ತಿಕೊಳ್ಳಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಪಟ್ಟಿಯ ಎತ್ತರವನ್ನು ಅಳೆಯುವಾಗ ಅವಕ್ಕೂ ಜಾಗ ಬಿಡಿ. ಫಲಕದ ಶೇ. 60ರಷ್ಟು ಕನ್ನಡವಿರಬೇಕೆಂಬ ರಾಜ್ಯದ ನಿಯಮವೂ ನೆನಪಿರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎಲೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿ ತೋರಿಸುತ್ತೇನೆ.